ಹಿಂಬಡ್ತಿ ಕೋರಿ ಒಂದು ಅರ್ಜಿ

ಕಬ್ಬಿಣವಿಲ್ಲದೆ ನಾಗರಿಕತೆಯಿಲ್ಲ. ನೇಗಿಲ ಕುಳದಿಂದ ಮೆಟ್ರೋ ಹಳಿಯವರೆಗೆ ಮನುಷ್ಯ ನಡೆದು ಬಂದದ್ದೆಲ್ಲ ಲೋಹದ ಆಸರೆಯಲ್ಲೇ.

ಈ ಗಂಭೀರ ಮಾತನ್ನು ಹೇಳಿದ ಮಹಾನುಭಾವ ಯಾರು? ನಾನೇ. ಆರು ವರ್ಷಗಳ ಹಿಂದೆ, ಗೆಳೆಯ ನರಸಿಂಹಯ್ಯನ ಮನೆಯಲ್ಲಿ, ಅವನದೇ ಕಾಫಿ ಕುಡಿಯುತ್ತಾ. ಆ ಮಾತಿನ ಬೆಲೆ ತಿಂಗಳಿಗೆ ಹನ್ನೆರಡು ಸಾವಿರದ ಇನ್ನೂರು ರೂಪಾಯಿ ಎಂದು ಹೋದ ತಿಂಗಳು ಬ್ಯಾಂಕಿನವರು ಫೋನ್ ಮಾಡಿ ತಿಳಿಸಿದರು.

ನರಸಿಂಹಯ್ಯ ಮತ್ತು ನಾನು ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವರು. ನಮ್ಮ ಕಾಲೊನಿಯಲ್ಲಿ ಒಂದು ಪದ್ಧತಿಯಿದೆ. ಮಕ್ಕಳಿಗೆ ಹೆಸರು ಆರಿಸಲು ಜೋಯಿಸರು, ಕಾಲೇಜು ಸೀಟು ಆರಿಸಲು ರಿಟೈರ್ಡ್ ಫೋರ್‌ಮನ್. ನಾನು ರಿಟೈರ್ಡ್ ಫೋರ್‌ಮನ್. ಹೀಗಾಗಿ ಅವನ ಮಗಳು ಚೈತ್ರಾಳ ಭವಿಷ್ಯ ನನ್ನ ಮುಂದೆ ಬಂತು.

"ಕಂಪ್ಯೂಟರ್ ಎಲ್ಲರೂ ತಗೋತಾರಯ್ಯಾ. ಮೆಟಲರ್ಜಿ ಓದೋರು ಕಮ್ಮಿ. ಕಮ್ಮಿ ಇರೋದಕ್ಕೇ ಬೆಲೆ ಜಾಸ್ತಿ" ಎಂದು ಅರ್ಥಶಾಸ್ತ್ರವನ್ನೂ ಸೇರಿಸಿ ತೀರ್ಪು ಕೊಟ್ಟೆ. (ಲೋಹದ ಶಾಸ್ತ್ರವನ್ನು ಕಮ್ಮಿ ಜನ ಯಾಕೆ ಓದುತ್ತಾರೆ ಎಂದು ಯೋಚಿಸುವುದು ತೀರ್ಪುಗಾರನ ಕೆಲಸವಲ್ಲ.) ಅಷ್ಟಕ್ಕೇ ನಿಲ್ಲದೆ ಏಳು ಲಕ್ಷದ ಎಜುಕೇಶನ್ ಲೋನಿಗೆ ಜಾಮೀನನ್ನೂ ಹಾಕಿದೆ. ನಮ್ಮ ಪೀಳಿಗೆಗೆ ಜಾಮೀನು ಎಂದರೆ ಮದುವೆ ಮನೆಯ ಊಟದ ಹಾಗೆ. ಒಲ್ಲೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಬ್ಯಾಂಕಿನ ಹುಡುಗನ ವಿನಯ ನೋಡಬೇಕಿತ್ತು.

"ಸಾರ್, ಚೈತ್ರಾ ಅವರ ಲೋನಿಗೆ ನೀವೇ ಅಲ್ವಾ ಗ್ಯಾರಂಟರ್? ಎರಡು ಕಂತು ಬಾಕಿ ಇದೆ ಸಾರ್. ಮೂರನೇದೂ ತಪ್ಪಿದ್ರೆ ಕಷ್ಟ ಆಗುತ್ತೆ. ಅಂದ್ಹಾಗೆ, ನಿಮ್ಮ ಎಫ್‌ಡಿ ನಮ್ಮ ಬ್ರಾಂಚಲ್ಲೇ ಇರೋದು ಅಲ್ವಾ ಸಾರ್?"

ನನ್ನ ಎಫ್‌ಡಿಯನ್ನು ಇಷ್ಟು ಪ್ರೀತಿಯಿಂದ ನನ್ನ ಹೆಂಡತಿಯೂ ವಿಚಾರಿಸಿದ್ದಿಲ್ಲ.

ಮಾರನೆಯ ದಿನ ಸಂಜೆಯೇ ಪೀಣ್ಯಕ್ಕೆ ಹೊರಟೆ. ಚೈತ್ರಾ ಅಲ್ಲಿ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಲ್ಲಿ ಇಂಜಿನಿಯರ್. ಗಾಡಿಗಳ ಗೇರುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಜಾಗ. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಮಂಜುನಾಥ ಸ್ವಾಮಿ. ಪಕ್ಕದಲ್ಲಿ ಅದೇ ಅಳತೆಯ ಚೌಕಟ್ಟಿನಲ್ಲಿ ಚೈತ್ರಾಳ ಫೋಟೋ, ಡಿಗ್ರಿ ಸರ್ಟಿಫಿಕೇಟು. ಕೆಳಗೆ "ನಮ್ಮ ಮೆಟಲರ್ಜಿಸ್ಟ್" ಎಂಬ ಬರಹ. ದೊಡ್ಡ ಕಂಪನಿಗಳಿಂದ ಆಡಿಟ್‌ಗೆ ಬರುವವರು ಮೊದಲು ಇದನ್ನೇ ನೋಡುತ್ತಾರಂತೆ. ಶುಕ್ರವಾರದ ಹೂವು ಎರಡೂ ಫೋಟೋಗಳಿಗೆ ಬಿದ್ದಿತ್ತು. ಬದುಕಿರುವಾಗಲೇ ಇಂಥ ಯೋಗ ಎಷ್ಟು ಜನಕ್ಕಿದೆ?

"ಸಂಬಳ ಎಷ್ಟಮ್ಮಾ?" ಎಂದೆ.

"ಹತ್ತೊಂಬತ್ತು ಸಾವಿರ ಅಂಕಲ್. ಬಾಡಿಗೆ ಆರು. ಅಪ್ಪನ ಪಿಎಫ್ ಅಕ್ಕನ ಮದುವೇಲಿ ಮುಗೀತು. ಕಂತು ಕಟ್ಟಿದ್ರೆ ಅಡುಗೆ ಮಾಡೋ ಹಾಗಿಲ್ಲ, ಅಡುಗೆ ಮಾಡಿದ್ರೆ ಕಂತು ಕಟ್ಟೋ ಹಾಗಿಲ್ಲ. ಎರಡು ತಿಂಗಳು ಅಡುಗೆ ಮಾಡಿದ್ವಿ."

ಕುಲುಮೆಯ ಮುಂದೆ ಯಾದಗಿರಿಯ ಶರಣಪ್ಪ ನಿಂತಿದ್ದ. ಎಣ್ಣೆಯಿಂದ ಎದ್ದ ಗೇರಿನ ಮೇಲೆ ಒಮ್ಮೆ ಅರ ಉಜ್ಜಿ, ಅದು ಕಚ್ಚದೆ ಜಾರಿದರೆ "ಪಾಸ್" ಎಂದು ಪಕ್ಕಕ್ಕಿಡುವುದು ಅವನ ಕ್ರಮ. ಅದನ್ನೇ ಚೈತ್ರಾ ಮೆಷಿನ್ನಿನಲ್ಲಿ ಅಳೆದು, ಅಂಕಿ ಬರೆದು ಸಹಿ ಹಾಕುತ್ತಾಳೆ. ಕೊನೆಯ ಗೇರು ಹೊರಬರುವ ತನಕ ಇಬ್ಬರೂ ಅಲ್ಲೇ. ದಿನಾ ಮೂರು ಗಂಟೆ ಹೆಚ್ಚು. ಶರಣಪ್ಪನ ಸಂಬಳ ಇಪ್ಪತ್ತು ಸಾವಿರ. ಓಟಿ ಸೇರಿ ಕೈಗೆ ಮೂವತ್ತನಾಲ್ಕು.

"ನಿಂಗೆ ಓಟಿ ಇಲ್ವಾ?"

"ನಾನು ಸ್ಟಾಫ್ ಅಂಕಲ್. ಸ್ಟಾಫ್‌ಗೆ ಓಟಿ ಕೊಡಲ್ಲ. ಗೌರವ ಕೊಡ್ತಾರೆ."

ಶರಣಪ್ಪನಿಗೆ ಕೇಳಿಸಿತು. "ಮೇಡಮ್ಮಾರು ಓದ್ಯಾರ್ರೀ ಸರ, ಅದಕ್ಕ ಪಗಾರ ಕಮ್ಮಿ. ನಾ ಎಸ್ಸೆಸ್ಸೆಲ್ಸಿ ಫೇಲಾಗಿ ಬಚಾವಾದೆ ನೋಡ್ರಿ" ಎಂದ.

ನಾನು ಗಂಟಲು ಸರಿಮಾಡಿಕೊಂಡೆ. ದಾರಿಯಲ್ಲಿ ಒಂದು ಉಪದೇಶ ಸಿದ್ಧಪಡಿಸಿಕೊಂಡು ಬಂದಿದ್ದೆ. ಎಲೆಕ್ಟ್ರಾನಿಕ್ ಸಿಟಿ ಕಡೆ ನೋಡು, ಯಾವುದಾದರೂ ಸಾಫ್ಟ್‌ವೇರ್ ಕೋರ್ಸ್ ಮಾಡು, ಇತ್ಯಾದಿ.

"ವಿಚಾರಿಸಿದೆ ಅಂಕಲ್. ಕೋರ್ಸಿಗೆ ಎಂಬತ್ತು ಸಾವಿರವಂತೆ. ಅವರೇ ಲೋನ್ ಮಾಡಿಸಿಕೊಡ್ತಾರಂತೆ. ಜಾಮೀನಿಗೆ ಒಬ್ಬರು ಬೇಕಂತೆ" ಎಂದು ನನ್ನ ಮುಖ ನೋಡಿದಳು.

ಉಪದೇಶವನ್ನು ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಅವಳು ಡ್ರಾಯರಿನಿಂದ ಒಂದು ಹಾಳೆ ತೆಗೆದಳು. "ಬನ್ನಿ, ನೀವು ಸುಮ್ನೆ ಜೊತೇಲಿರಿ" ಎಂದು ಮಾಲೀಕರ ಕ್ಯಾಬಿನ್ನಿಗೆ ಕರೆದೊಯ್ದಳು. ಮಾಲೀಕ ಶಿವಣ್ಣ ಅರ್ಜಿಯನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಏನಮ್ಮಾ ಇದು? ಸ್ಟಾಫ್‌ನಿಂದ ತೆಗೆದು ಆಪರೇಟರ್ ಮಾಡಿ ಅಂತ ಬರೆದಿದೀಯ! ಬಡ್ತಿ ಕೇಳೋರನ್ನ ನೋಡಿದೀನಿ. ಹಿಂಬಡ್ತಿ ಕೇಳೋರನ್ನ ಇವತ್ತೇ ನೋಡ್ತಿರೋದು."

"ಆಪರೇಟರ್‌ಗೆ ಓಟಿ ಇದೆ ಸಾರ್."

"ಬಿಇ ಮಾಡಿರೋಳು ಕುಲುಮೆ ಮುಂದೆ ನಿಂತ್ರೆ ಮರ್ಯಾದೆ ಏನಾಗಬೇಕು?"

"ಈಗಲೂ ಅಲ್ಲೇ ನಿಂತಿರ್ತೀನಿ ಸಾರ್. ಪುಕ್ಕಟೆ ನಿಂತಿರ್ತೀನಿ, ಅಷ್ಟೇ. ಮತ್ತೆ ಮರ್ಯಾದೇನ ಬ್ಯಾಂಕ್‌ನೋರು ತಗೊಳ್ಳಲ್ಲ."

"ಆಗಲ್ಲ ಅಂದ್ರೆ?"

"ಹಾಗಾದ್ರೆ ನನ್ನ ಫೋಟೋ ಬಿಚ್ಚಿಸಿಕೊಡಿ ಸಾರ್. ಮನೆಗೆ ತಗೊಂಡು ಹೋಗ್ತೀನಿ."

ಆಡಿಟ್ ಸೋಮವಾರವೇ ಇತ್ತು. ಗೋಡೆಯ ಮೇಲೆ ದೇವರೊಬ್ಬನೇ ಉಳಿದರೆ ಆರ್ಡರು ಸಿಗುವುದಿಲ್ಲ ಎಂಬ ಸತ್ಯ ಶಿವಣ್ಣನವರಿಗೆ ಗೊತ್ತು. ಅವಳಿಗೂ ಗೊತ್ತು. ಆದರೆ ಅವರು ‘ತಗೊಂಡು ಹೋಗು’ ಎಂದು ಒಂದು ಮಾತು ಹೇಳಿದ್ದರೆ ಹತ್ತೊಂಬತ್ತು ಸಾವಿರವೂ ಅಂದೇ ಹೋಗುತ್ತಿತ್ತು.

ಶಿವಣ್ಣ ನನ್ನ ಕಡೆ ತಿರುಗಿದರು. "ನೀವಾದ್ರೂ ಬುದ್ಧಿ ಹೇಳಿ ಸಾರ್. ಹಿರಿಯರು ನೀವು."

ಬಾಯಿ ತೆರೆದೆ. ಹಿಂದೊಮ್ಮೆ ತೆರೆದಾಗ ಆದ ಖರ್ಚು ನೆನಪಾಗಿ ಮುಚ್ಚಿಕೊಂಡೆ. ಆರು ವರ್ಷದಲ್ಲಿ ಆ ಹುಡುಗಿಗೆ ನಾನು ಮಾಡಿದ ಏಕೈಕ ಉಪಕಾರ ಅದು.

ಶಿವಣ್ಣ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಹಾಕುವ ಮುಂಚೆ, ಆಪರೇಟರ್ ಎಂದಮೇಲೆ ಸಂಬಳ ಹದಿನೆಂಟೇ ಎಂದು ಒಂದು ಸಾವಿರ ಇಳಿಸುವುದನ್ನು ಮರೆಯಲಿಲ್ಲ. ಹೊರಗೆ ಶರಣಪ್ಪ, "ಬರ್ರಿ ಮೇಡಮ್ಮಾರ, ಈಗ ನಮ್ಮ ಮಂದಿ ಆದ್ರಿ" ಎಂದು ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗಿನ ಸಾಲು ತೋರಿಸಿದ.

ನರಸಿಂಹಯ್ಯನಿಗೆ ಇದನ್ನು ಇನ್ನೂ ಯಾರೂ ಹೇಳಿಲ್ಲ. (ಅವನು ಪತ್ರಿಕೆಯಲ್ಲಿ ಓದುವುದು ರಾಶಿಭವಿಷ್ಯ ಒಂದನ್ನೇ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಮಗಳು ಇಂಜಿನಿಯರ್ ಎಂದು ತರಕಾರಿ ಅಂಗಡಿಯಲ್ಲೂ ಹೇಳಿಕೊಳ್ಳುತ್ತಾನೆ. ಸುಳ್ಳೇನಲ್ಲ. ಗೋಡೆಯ ಮೇಲೆ ಈಗಲೂ ಹಾಗೆಯೇ ಇದೆ.

ಈ ತಿಂಗಳು ಚೈತ್ರಾಳ ಕೈಗೆ ಮೂವತ್ತು ಸಾವಿರದ ನಾನೂರು ರೂಪಾಯಿ ಬಂತು. ಒಂದು ಕಂತು ಕಟ್ಟಿದ್ದಾಳೆ; ಎರಡು ಬಾಕಿ ಇವೆ.