ಹನ್ನೊಂದನೆಯ ಚುಕ್ಕಿ

ಒಂದೇ ಸಂಗತಿಯನ್ನು ಎರಡು ಸಲ ಬರೆಯಬೇಕೆಂದರೆ ನನಗೆ ಮೊದಲಿನಿಂದಲೂ ಮೈಗಳ್ಳತನ. ಶಿಕಾರಿಪುರದ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಗಣಿತ ಹೇಳಿದವನು ನಾನು. ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆದರೆ ಮೂರು ದಿನ ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಇಂಥವನ ಕೈಗೆ, ನಿವೃತ್ತಿಗೆ ಸ್ವಲ್ಪ ಮೊದಲು, ಪ್ರಶ್ನೆಪತ್ರಿಕೆ ತಯಾರಿಸುವ ನೆಪದಲ್ಲಿ ಅಕ್ಷರ ಜೋಡಿಸುವ ಒಂದು ತಂತ್ರಾಂಶ ಸಿಕ್ಕಿತು. ಅದರಲ್ಲಿ ಚಿತ್ರವನ್ನು ಕೈಯಿಂದ ಬಿಡಿಸುವ ಹಾಗಿಲ್ಲ, ಮಾತಿನಲ್ಲಿ ಹೇಳಬೇಕು. ಇಲ್ಲಿಂದ ಅಲ್ಲಿಗೆ ಒಂದು ಗೆರೆ, ಇಷ್ಟು ದಪ್ಪ, ಈ ಬಣ್ಣ, ನಡುನಡುವೆ ಕಡಿದಿರಲಿ ಎಂದು ಸಾಲು ಸಾಲಾಗಿ ಟೈಪು ಮಾಡಿದರೆ ಅದು ಕಾಗದದ ಮೇಲೆ ಎಳೆದುಕೊಡುತ್ತದೆ. ನನ್ನ ಹೆಂಡತಿ ಬೆನ್ನ ಹಿಂದೆ ನಿಂತು ನೋಡಿ, "ಒಂದು ಗೆರಿ ಎಳಿಯಾಕೆ ನಾಕು ಸಾಲು ಬರಿತೀರಲ್ರೀ, ಮನ್ಯಾಗೆ ಸ್ಕೇಲ್ ಇಲ್ಲೇನು?" ಎಂದಳು. ಸ್ಕೇಲ್ ಇತ್ತು. 

ಅವಳಿಗೆ ಕೊಡಬೇಕಾದ ಉತ್ತರ ಆಮೇಲೆ ಸಿಕ್ಕಿತು. ಸೋಮಾರಿಗಳಿಗೆಂದೇ ಅದರಲ್ಲೊಂದು ಅನುಕೂಲವಿದೆ. ಗೆರೆಯ ದಪ್ಪ, ಬಣ್ಣ, ಸ್ವಭಾವವನ್ನೆಲ್ಲ ಒಂದು ಸಲ ಬರೆದು, ಅದಕ್ಕೊಂದು ಹೆಸರಿಟ್ಟು, ಕಡತದ ಆರಂಭದಲ್ಲಿ ಇಟ್ಟುಬಿಟ್ಟರೆ ಆಯಿತು. ಮ್ಯಾಕ್ರೊ ಎನ್ನುತ್ತಾರೆ ಇದಕ್ಕೆ. ಮುಂದೆ ಹೆಸರು ಕರೆದರೆ ಸಾಕು, ಗೆರೆ ತನ್ನ ವೇಷಭೂಷಣ ಸಮೇತ ಬಂದು ನಿಲ್ಲುತ್ತದೆ. 'ದಾರಿ' ಎಂದರೆ ಕಡಿದ ಕಂದು ಗೆರೆ. 'ಮನೆ' ಎಂದರೆ ಸಣ್ಣ ಚೌಕ. 'ಕೆರೆ' ಎಂದರೆ ನೀಲಿ ತುಂಬಿದ ಡೊಂಕು ಆಕಾರ. ಇನ್ನೂ ಒಂದು ಸುಖವಿದೆ. ಮೇಲಿನ ಆ ಒಂದು ಸಾಲನ್ನು ತಿದ್ದಿದರೆ ಕೆಳಗಿನವೆಲ್ಲ ತಾವಾಗಿ ತಿದ್ದಿಕೊಳ್ಳುತ್ತವೆ. ಒಮ್ಮೆ ಕೆರೆಯ ನೀಲಿ ತೀರಾ ಪೇಲವವಾಯಿತೆಂದು ಒಂದೇ ಒಂದು ಅಂಕಿ ಬದಲಿಸಿದೆ, ಹಾಳೆಯ ಮೇಲಿನ ಕೆರೆಗಳೆಲ್ಲ ಕ್ಷಣದಲ್ಲಿ ತುಂಬಿದವು. ಆ ದಿನ ಮನೆಯಲ್ಲಿ ನನ್ನ ನಡಿಗೆಯೇ ಬೇರೆ ಇತ್ತಂತೆ. ಹೆಂಡತಿ ಹೇಳಿದ್ದು.

ಈ ಉಪಾಯ ಹೊಸದೇನಲ್ಲ ಎಂದು ಹೊಳೆದದ್ದು ಬಂದಳಿಕೆಯಲ್ಲಿ, ನೆಂಟರೊಬ್ಬರಿಗೆ ಗುಡಿ ತೋರಿಸಲು ಹೋದಾಗ. ನಮ್ಮ ಕಡೆ ವೀರಗಲ್ಲಿಗೆ ಬರವಿಲ್ಲ. ಕೆಳಗೆ ಹೋರಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ. ಒಂದು ನೋಡಿದರೆ ಹಲವು ನೋಡಿದ ಹಾಗೆ. ಆ ಕಲ್ಲುಕುಟಿಗನ ತಲೆಯಲ್ಲೂ ಅಪ್ಸರೆ ಒಮ್ಮೆಗೇ ತಯಾರಾಗಿ ಕೂತಿದ್ದಿರಬೇಕು, ಯಾರು ಸತ್ತರೂ ಅವಳನ್ನೇ ಕರೆದು ನಿಲ್ಲಿಸುತ್ತಿದ್ದ. ಅಯ್ಯೋ, ಇವನು ನಮ್ಮವನೇ ಎಂದು ಹಿಗ್ಗಿಹೋದೆ. ಅಕ್ಷರವಿಲ್ಲದ ಒಂದು ಕಲ್ಲಿನ ಮುಂದೆ ನೆಂಟರು "ಇವ್ನು ಯಾರು?" ಎಂದು ಕೇಳಿದರು. "ಯಾರೋ ಒಬ್ಬ ವೀರ" ಎಂದೆ. ಅವರು ತಲೆಯಾಡಿಸಿ ಮುಂದಿನ ಕಲ್ಲಿಗೆ ಹೋದರು, ನಾನೂ ಹೋದೆ.

ನನ್ನ ಈ ವಿದ್ಯೆ ಪ್ರಶ್ನೆಪತ್ರಿಕೆಯಾಚೆಗೂ ಉಪಯೋಗಕ್ಕೆ ಬರಬಹುದೆಂದು ಮೊದಲು ಕಂಡುಕೊಂಡವಳು ಸುಜಾತ, ನನ್ನ ಹಳೆಯ ವಿದ್ಯಾರ್ಥಿನಿ. ಸೊರಬದ ಕಡೆ ಮದುವೆಯಾಗಿ, ಕ್ಯಾಸನೂರಿನ ದಿಕ್ಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಾಳೆ. ಅಲ್ಲಿ ಚಳಿ ಹಿಂದೆಗೆದು ಬಿಸಿಲು ಏರುವ ಕಾಲಕ್ಕೆ ಮಂಗನ ಕಾಯಿಲೆಯ ಭಯ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಉದುರಿ ತರಗೆಲೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿ ಓಡಾಡಿದವರಿಗೆ ಅವು ಕಚ್ಚಿದರೆ ಜ್ವರ. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಸಾರ್. ಎಲ್ಲೆಲ್ಲಿ ಮಂಗ ಸತ್ತಿದೆ ಅಂತ ನಕಾಶೆಯಲ್ಲಿ ಅಚ್ಚಾಗಿ ಬಂದ್ರೆ ನಂಬ್ತಾರೆ. ಮಾಡಿಕೊಡ್ತೀರಾ?" ಎಂದು ಫೋನು ಮಾಡಿದಳು. ಮೇಷ್ಟ್ರನ್ನು ಯಾರಾದರೂ ಕೇಳುವುದೇ ಅಪರೂಪ, ಒಪ್ಪಿಕೊಂಡೆ. ಗ್ರಾಮದ ಹಳೆಯ ನಕಾಶೆ ತರಿಸಿಕೊಂಡು, ನನ್ನ 'ದಾರಿ', 'ಮನೆ', 'ಕೆರೆ'ಗಳನ್ನೆಲ್ಲ ಕರೆದು ಊರನ್ನು ನಿಲ್ಲಿಸಿದೆ.

ಸತ್ತ ಮಂಗಕ್ಕೆ ಒಂದು ಗುರುತು ಬೇಕಿತ್ತು. ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕಿ ಎಂದು ಗೊತ್ತು ಮಾಡಿದೆ. ಹೆಸರು? 'ಸತ್ತ ಮಂಗ' ಎಂದಿಡಬಹುದಿತ್ತು. 'ಸಾವು' ಎಂದಿಟ್ಟೆ. ಟೈಪು ಮಾಡಲು ಚಿಕ್ಕದು. ಮೇಲಾಗಿ ಗಣಿತದವನಿಗೆ ಹೆಸರು ಎಷ್ಟು ವ್ಯಾಪಕವೋ ಅಷ್ಟು ಖುಷಿ. ವಾರಕ್ಕೊಮ್ಮೆ ಸುಜಾತ ಜಾಗ ಹೇಳುವಳು, ನಾನು ಆ ಜಾಗದಲ್ಲಿ 'ಸಾವು' ಎಂದು ಬರೆದು ಕಳಿಸುವೆ, ಅವಳು ಸೊರಬದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ಪಂಚಾಯಿತಿಯ ಗೋಡೆಗೆ ಅಂಟಿಸುವಳು. ಚುಕ್ಕಿಗಳು ಹತ್ತಾದವು.

ಆಮೇಲೆ ಒಂದು ಬೆಳಿಗ್ಗೆ ಅವಳ ದನಿಯೇ ಬೇರೆ ಇತ್ತು. "ಸಾರ್, ಈ ಸಲ ಮಂಗ ಅಲ್ಲ. ಕೆರಿಯಪ್ಪ ಅಂತ, ನಮ್ಮೂರವ್ರೇ. ಜ್ವರ ಅಂತ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ. ಇದೂ ಹಾಳೆಯಲ್ಲಿ ಬರ್ಬೇಕಲ್ವಾ ಸಾರ್?" ಬರಬೇಕಮ್ಮ ಎಂದೆ. ಫೋನು ಇಟ್ಟೆ. ಕೆಲಸಕ್ಕೆ ಕೂತೆ. 'ಸಾವು' ಎಂಬ ಹೆಸರು ಸಿದ್ಧವಾಗಿತ್ತು, ಸಾವು ಆಗಿತ್ತು, ಅವರ ಮನೆಯ ಚೌಕದ ಪಕ್ಕ ಆ ಹೆಸರು ಕರೆದೆ. ಒಂದು ಸಾಲು. ನಿಜ ಹೇಳುತ್ತೇನೆ, ಆಗ ನನಗೆ ಏನೂ ಅನ್ನಿಸಲಿಲ್ಲ.

ಅದರ ಮುಂದಿನ ವಾರ ನಾನೇ ಆ ಊರಿಗೆ ಹೋದೆ. ಕಾರಣ ಹೇಳಲು ನಾಚಿಕೆ. ನನ್ನ ಹಾಳೆ ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ. ಸೊರಬದಲ್ಲಿ ಬಸ್ಸು ಬದಲಿಸಿ, ಸುಜಾತಳ ಜೊತೆ ಪಂಚಾಯಿತಿಗೆ ಬಂದಾಗ ನಾಲ್ಕಾರು ಜನ ಅದರ ಮುಂದೆ ನಿಂತಿದ್ದರು. ಒಬ್ಬ ಬೆರಳಿಟ್ಟು ಎಣಿಸುತ್ತಿದ್ದ. ನನ್ನ ಎದೆ ಉಬ್ಬಿತು.

"ಹನ್ನೊಂದು ಮಂಗ ಸತ್ತಾವೆ ನೋಡ್ರೋ" ಎಂದ ಅವನು.

"ಹತ್ತು" ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ.

"ಸರಿಯಾಗಿ ಎಣಿಸ್ದೆ ಅಕ್ಕಾ, ಹನ್ನೊಂದೈತೆ" ಎನ್ನುತ್ತ ಅವನು ತಿರುಗಿದ. ಯಾರೆಂದು ನೋಡಿದವನೇ ಹಾಳೆಯ ಮೇಲಿಟ್ಟಿದ್ದ ಬೆರಳು ತೆಗೆದ.

"ಹತ್ತು ಮಂಗ. ಒಂದು ನಮ್ ಯಜಮಾನ್ರು" ಎಂದಳು ಆಕೆ. ಬಿಸಿಲಿಗೆ ಸೆರಗು ಹೊದ್ದು, ಕೈಯಲ್ಲಿ ಯಾವುದೋ ಅರ್ಜಿ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಲೆಕ್ಕದಲ್ಲಿ ಆಗಿದ್ದ ತಪ್ಪನ್ನು ಸರಿ ಮಾಡಿದಳು, ಅಷ್ಟೆ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಎಣಿಸಿದವನದೇನು ತಪ್ಪು? ಹನ್ನೊಂದೂ ಚುಕ್ಕಿಗಳು ಒಂದೇ ಅಳತೆ, ಒಂದೇ ಕಪ್ಪು. ಹಾಗಿರಲಿ ಎಂದೇ ಅಲ್ಲವೇ ನಾನು ಅವುಗಳಿಗೆ ಒಂದೇ ಹೆಸರಿಟ್ಟದ್ದು.

ಒಮ್ಮೆ ಯೋಚಿಸಿಟ್ಟದ್ದು ಮತ್ತೆ ಯೋಚಿಸುವ ಕಷ್ಟ ತಪ್ಪಿಸುತ್ತದೆ. ಮ್ಯಾಕ್ರೊದ ಉಪಕಾರ ಇಷ್ಟೇ. ಇದು ಕಂಪ್ಯೂಟರಿನ ಒಳಗೆ ಮಾತ್ರ ಇರುವುದೂ ಅಲ್ಲ. ಸಾವಿನ ಮನೆಗೆ ಹೋದಾಗ "ಎಲ್ಲಾ ಅವನಿಚ್ಛೆ, ಧೈರ್ಯ ತಗೊಳ್ರಿ" ಎನ್ನುತ್ತೇವಲ್ಲ, ಅದನ್ನೂ ನಾವು ಮೊದಲೇ ಮಾಡಿಟ್ಟುಕೊಂಡಿರುತ್ತೇವೆ. ಚಪ್ಪಲಿ ಬಿಡುವ ಹೊತ್ತಿಗೆ ಅದು ನಾಲಿಗೆಯ ಮೇಲೆ ಬಂದು ಕೂತಿರುತ್ತದೆ. ಹೇಳಿ ಮುಗಿಸಿ, ಕೂತವರ ಮುಖ ಸರಿಯಾಗಿ ನೋಡದೆಯೇ ಎದ್ದು ಬರುತ್ತೇವೆ. ಎಷ್ಟು ಮನೆಗಳಿಗೆ ನಾನು ಹೀಗೆ ಹೋಗಿಬಂದಿಲ್ಲ! ಆಗೆಲ್ಲ ಯಾರೂ ತಿರುಗಿ ನಿಂತು ಲೆಕ್ಕ ತಿದ್ದಿರಲಿಲ್ಲ.

ಆಕೆಯ ಹೆಸರು ರೇಣುಕಮ್ಮ ಎಂದು ಸುಜಾತ ಪಿಸುಗುಟ್ಟಿದಳು. ನಾನು ಹತ್ತಿರ ಹೋಗಿ, "ತಾಯಿ, ಇದನ್ನ ಬರೆದವ ನಾನು. ತಪ್ಪಾತು. ಆ ಚುಕ್ಕಿ ತೆಗೀತೀನಿ" ಎಂದೆ.

"ತೆಗಿಯದು ಬ್ಯಾಡ್ರಿ. ತೆಗೆದ್ರೆ ಅವ್ರು ಸತ್ತಿದ್ದೂ ಇಲ್ದಂಗಾಗುತ್ತೆ. ಅದು ಅಲ್ಲಿರಬಾರ್ದು, ಅಷ್ಟೇಯ."

"ಮತ್ತೆಲ್ಲಿ?"

ಬನ್ನಿ ಎಂದು ಕರೆದುಕೊಂಡು ಹೋದಳು. ಅವಳ ಮನೆಯಂಗಳದಿಂದ ಕಾಡಿನ ಅಂಚು ಕಾಣುತ್ತದೆ. ಒಂದು ದೊಡ್ಡ ಮತ್ತಿ ಮರ, ಅದರ ಕೆಳಗೆ ಇಳಿಜಾರು. ಕೊಟ್ಟಿಗೆಗೆ ಹಾಸಲು ಒಣ ಎಲೆ ಗುಡಿಸಿ ತರುತ್ತಾರಲ್ಲ, ಅವರ ಮಾತಿನಲ್ಲಿ ದರಕು, ಅದಕ್ಕೆ ಕೆರಿಯಪ್ಪ ಹೋಗಿದ್ದು ಅಲ್ಲಿಗೆ. ಬಂದ ದಿನ ಕಾಲಲ್ಲಿ ಉಣುಗು ಕಂಡು ಕಿತ್ತು ಬಿಸಾಕಿದ್ದ. ವಾರದ ಮೇಲೆ ಜ್ವರ ಬಂತು. "ಇದು ನಂಗೊತ್ತು, ಅವ್ರಿಗೆ ಗೊತ್ತಿತ್ತು. ನಿಮ್ ಕಾಗದದಾಗೆ ನೋಡಿದ್ರೆ ಅಲ್ಲಿ ಏನೂ ಇಲ್ಲ, ಬೆಳ್ಳಗೈತೆ. ಬೆಳ್ಳಗೈತೆ ಅಂತ ನನ್ ಮೈದುನ ಮೊನ್ನೆ ಅಲ್ಲಿಗೇ ಹೋಗ್ಬಂದ. ಬ್ಯಾಡ ಕಣೋ ಅಂದ್ರೆ, ಅಲ್ಲಿ ಮಂಗ ಸತ್ತಿಲ್ಲ ಅತ್ಗೆ, ಹಾಳೆ ನೋಡು ಅಂತಾನೆ."

ಸುಜಾತ ಮೆಲ್ಲಗೆ ಹೇಳಿದಳು. "ಮಂಗ ಸಿಕ್ಕಿಲ್ಲ ಅಂದ್ರೆ ಉಣುಗು ಇಲ್ಲ ಅಂತ ಅಲ್ಲ ಸಾರ್. ನಾನೇ ಸಾರಿ ಸಾರಿ ಹೇಳ್ತೀನಿ."

ಮಂಗಕ್ಕೂ ಮನುಷ್ಯನಿಗೂ ಒಂದೇ ಚುಕ್ಕಿ ಇಟ್ಟದ್ದು ಅವಮಾನ ಎಂದುಕೊಂಡು ನಾನು ಮನಸ್ಸಿನಲ್ಲಿ ಒದ್ದಾಡುತ್ತಿದ್ದೆ. ರೇಣುಕಮ್ಮನ ಸಂಕಟ ಬೇರೆ. ನಾನು ಖಾಲಿ ಬಿಟ್ಟ ಜಾಗ ಜನರನ್ನು ಕರೆಯುತ್ತಿತ್ತು, ಅವಳ ಮೈದುನ ಎರಡನೆಯವನಾಗಲು ಹೊರಟಿದ್ದ. "ಅಲ್ಲಿಗೆ ಬೇರೆ ಬಣ್ಣದ ಚುಕ್ಕಿ ಹಾಕ್ಲಾ? ಕೆಂಪಂದು?" ಎಂದು ಕೇಳಿದೆ.

"ಚುಕ್ಕಿಗೆ ಯಾರು ಹೆದರ್ತಾರ್ರಿ? ಹೆಸರು ಬರೀರಿ. ಕೆರಿಯಪ್ಪ ಅಂತ. ಊರಿಗೆಲ್ಲ ಬೇಕಾಗಿದ್ದ ಮನುಷ್ಯ. ಅವ್ರ ಹೆಸ್ರು ತುಳ್ಕಂಡು ಯಾರೂ ದರಕಿಗೆ ಹೋಗಲ್ಲ."

ಶಿಕಾರಿಪುರಕ್ಕೆ ವಾಪಸು ಬಂದ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಕೂತೆ. ಮೊದಲು 'ಸಾವು' ಎಂಬ ಹೆಸರನ್ನು ಅಳಿಸಿ 'ಸತ್ತ ಮಂಗ' ಎಂದು ಮಾಡಿದೆ. ಬೆರಳಿಗೆ ಎರಡು ಅಕ್ಷರದ ಶ್ರಮ ಹೆಚ್ಚಾಯಿತು, ಆಗಲಿ. ಕೆರಿಯಪ್ಪನ ಮನೆಯ ಪಕ್ಕದ ಹನ್ನೊಂದನೆಯ ಚುಕ್ಕಿಯನ್ನು ತೆಗೆದೆ. ಆಮೇಲೆ ಅಭ್ಯಾಸಬಲದಿಂದ ಕಡತದ ಆರಂಭಕ್ಕೆ ಹೋದೆ. ಕಾಯಿಲೆಯಿಂದ ತೀರಿಕೊಂಡವರಿಗೆಂದು ಒಂದು ಹೊಸ ಶೈಲಿ, ಅಕ್ಷರ ಇಷ್ಟು ದಪ್ಪ, ಸುತ್ತ ಇಂಥ ಗೆರೆ, ಹೆಸರಿಗೆ ಮಾತ್ರ ಜಾಗ ಖಾಲಿ. ಅರ್ಧ ಬರೆದಾಗಿತ್ತು. ಆ ಖಾಲಿ ಜಾಗ ನೋಡಿದ್ದೇ ಕೈ ನಿಂತಿತು. ಇದು ಯಾರಿಗಾಗಿ? ಮತ್ತೆ ಮತ್ತೆ ಬೇಕಾಗುವುದಕ್ಕಲ್ಲವೇ ಮನುಷ್ಯ ಮ್ಯಾಕ್ರೊ ಮಾಡಿಡುವುದು? ಇನ್ನೊಂದು ಹೆಸರು ಬರಲಿ ಎಂದು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದೇನೆಯೇ?  ಬರೆದಷ್ಟನ್ನೂ ಅಳಿಸಿಬಿಟ್ಟೆ.

ಕೆಳಗೆ, ನಕಾಶೆಯೊಳಗೆ, ಮತ್ತಿ ಮರದ ಇಳಿಜಾರು ಬರುವಲ್ಲಿಗೆ ಹೋಗಿ, ಯಾವ ಹೆಸರನ್ನೂ ಕರೆಯದೆ, ಎಲ್ಲವನ್ನೂ ಅಲ್ಲೇ ಬಿಡಿಬಿಡಿಯಾಗಿ ಬರೆದೆ. ಇಳಿಜಾರಿನ ಸುತ್ತ ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ಬಾಗಬೇಕು, ಎಲ್ಲಿ ಬಂದು ಕೂಡಬೇಕು. ಒಳಗೆ 'ಕೆರಿಯಪ್ಪ' ಎಂಬ ಅಕ್ಷರ ಎಷ್ಟು ದೊಡ್ಡದಿರಬೇಕು. ಅದರ ಕೆಳಗೆ 'ದರಕಿಗೆ ಹೋಗಿದ್ದ ಜಾಗ'. ಹದಿನಾಲ್ಕು ಸಾಲಾಯಿತು. ಇಡೀ ಕಡತದಲ್ಲಿ ನನ್ನ ಸೋಮಾರಿತನ ಮುಟ್ಟದ ಸಾಲುಗಳು ಇವಿಷ್ಟೇ. ಹೆಂಡತಿ ಕಾಫಿ ತಂದಿಟ್ಟು ತೆರೆಯನ್ನು ನೋಡಿದಳು, ಸ್ಕೇಲಿನ ಮಾತೆತ್ತಲಿಲ್ಲ.

ಹೊಸ ಹಾಳೆಯನ್ನು ನಾನೇ ಒಯ್ದೆ. ಸುಜಾತ ಅಂಟಿಸುವಾಗ ರೇಣುಕಮ್ಮ ಬಂದಿದ್ದಳು, ಅವಳ ಮೈದುನನೂ ಇದ್ದ. ಅವನು ಅಣ್ಣನ ಹೆಸರನ್ನು ಓದಿ, "ಹಂಗಾರೆ ದರಕಿಗೆ ಎಲ್ಲಿಗೆ ಹೋಗದು?" ಎಂದು ಕೇಳಿದ. ಈ ವರ್ಷಕ್ಕೆ ಕೊಟ್ಟಿಗೆಗೆ ಹುಲ್ಲೇ ಹಾಸು ಎಂದು ಸುಜಾತ ಗದರಿದಳು.  ರೇಣುಕಮ್ಮ ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಂಡನ ಹೆಸರನ್ನು ಓದಿದಳು. ಎರಡನೆಯ ಸಲವೂ ಓದಿದಳು.

ನನ್ನ ಮುಖ ನೋಡಿ ಸುಜಾತಳಿಗೆ ಏನನ್ನಿಸಿತೋ, ಹೊಗಳಲು ಶುರು ಮಾಡಿದಳು. "ಸಾರ್ ಒಂದ್ಸಲ ಮಾಡಿ ಕಂಪ್ಯೂಟರ್‌ನಲ್ಲಿ ಇಟ್ಕೊಂಡ್ರೆ ಮುಗೀತು ರೇಣುಕಕ್ಕಾ. ಆಮೇಲೆ ಬೇಕಾದಾಗ ಹೆಸರು ಕರೆದ್ರೆ ಸಾಕು, ಹಂಗೇ ಬರುತ್ತೆ."

ರೇಣುಕಮ್ಮ ನನ್ನ ಕಡೆ ತಿರುಗಿದಳು. "ಇದನ್ನೂ ಹಂಗೆ ಇಟ್ಕಂಡೀರೇನ್ರಿ?"

"ಇಲ್ಲಮ್ಮ. ಇದನ್ನ ಇಟ್ಟಿಲ್ಲ."

"ಇಡಬ್ಯಾಡ್ರಿ" ಎಂದಳು.