ಖಾಲಿ ಹಿಸ್ಟರಿ

ಮೊದಲೇ ಹೇಳಿಬಿಡುತ್ತೇನೆ: ಫೋನಿನ ಬ್ರೌಸರಿನಲ್ಲಿ ಪ್ರೈವೇಟ್ ವಿಂಡೋ ಎಂಬ ಕಪ್ಪು ಪರದೆ ತೆರೆದುಕೊಳ್ಳುತ್ತದಲ್ಲ, ಅದನ್ನು ನಂಬಿದ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಆದರೆ ನನ್ನ ಅಣ್ಣನ ಪಕ್ಕ ನಿಲ್ಲಿಸಿದರೆ ನಾನು ಎಷ್ಟೋ ವಾಸಿ.

ಮಾನ್ವಿಯ ನಮ್ಮ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಅಣ್ಣ ಕಟ್ಟೆಯ ಮೇಲೆ ಕೂತು ಕೈ ಚಾಚುತ್ತಿದ್ದ. ನಾನು ಫೋನು ಕೊಡಬೇಕು. ವಾರವಿಡೀ ನಾನು ಏನೇನು ಹುಡುಕಿದೆ ಎಂದು ಅವನು ಹಿಸ್ಟರಿ ತೆಗೆದು ಒಂದೊಂದಾಗಿ ಓದುತ್ತಿದ್ದ. ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಅವನಿಗೆ ಕವಡೆ ಕಿಮ್ಮತ್ತು ಇರಲಿಲ್ಲವೆಂದು ಕಾಣುತ್ತದೆ, ಸಾಹೇಬಗಿರಿಯನ್ನೆಲ್ಲ ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಫೋನು ಕೊಡಿಸಿದವನು ತಾನು ಎಂಬುದೊಂದೇ ಅವನ ಹಕ್ಕು.

ನಾನು ಶಿಕ್ಷಕಿಯಾಗಿ ಆಯ್ಕೆಯಾದೆ. ಯಾವ ಶಾಲೆ ಬೇಕೆಂದು ಆನ್‌ಲೈನಿನಲ್ಲಿ ಪಟ್ಟಿ ತುಂಬಬೇಕಿತ್ತು. ನನಗೆ ರಾಯಚೂರು ಬೇಕಿತ್ತು: ನಗರದ ಶಾಲೆ, ಬಾಡಿಗೆಯ ಒಂದು ಕೋಣೆ, ಒಳಗಿನಿಂದ ನಾನೇ ಹಾಕಿಕೊಳ್ಳುವ ಚಿಲಕ. ಅಣ್ಣ ದೇವದುರ್ಗದ ಸುತ್ತಲಿನ ಊರುಗಳನ್ನೇ ಆರಿಸಿ, ಜಾಲಹಳ್ಳಿ, ಮಸರಕಲ್ ಎಂದು ಚೀಟಿ ಬರೆದು ಕೊಟ್ಟ.

"ದೇವದುರ್ಗದ ತನಕ ನನ್ನ ಜೋಡಿನ ಬಸ್ಸಿಗಿ ಬಾ, ನನ್ನ ಜೋಡಿನ ಮನಿಗಿ ಬಾ," ಎಂದ. ಇಪ್ಪತ್ತಾರು ವರ್ಷದವಳಿಗೆ ಹೇಳುವ ಮಾತೇ ಇದು?

ರಾಯಚೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿ ಪ್ರೈವೇಟ್ ವಿಂಡೋ ಹೇಳಿಕೊಟ್ಟಳು. ಅದರಲ್ಲಿ ನೋಡಿದ್ದು ಹಿಸ್ಟರಿಗೆ ಹೋಗುವುದಿಲ್ಲ ಎಂದಳು. ಅದರಲ್ಲೇ ಪಟ್ಟಿ ತೆರೆದು, ರಾಯಚೂರನ್ನು ಮೊದಲು ಹಾಕಿ ಉಳಿಸಿಟ್ಟೆ. ಉಳಿದದ್ದೆಲ್ಲವನ್ನೂ ಅದರಲ್ಲೇ ನೋಡಿದೆ. ಭಾನುವಾರ ಮಹಾ ಜಾಣೆಯಂತೆ ಫೋನು ಕೊಟ್ಟೆ. ಹಿಸ್ಟರಿ ಬಟಾಬಯಲು.

"ಏನೂ ಇಲ್ಲಲ್ಲ ಬೇ. ವಾರದಾಗ ಒಂದೂ ನೋಡಿಲ್ಲೇನು?" ಗುಮಾಸ್ತನ ಮೂಗು ಅರಳಿತು.

ಅದಕ್ಕೇ ಮುಂದಿನ ವಾರ, ಮನೆವಾಳ್ತೆಯ ಹುಡುಗಿ ಏನೇನು ಹುಡುಕಬಹುದೋ ಅದನ್ನೆಲ್ಲ ಸಾದಾ ವಿಂಡೋದಲ್ಲಿ ಹುಡುಕಿಟ್ಟೆ. ಪಟ್ಟಿ ಸಲ್ಲಿಸಲು ಆ ಭಾನುವಾರವೇ ಕೊನೆಯ ದಿನ. ಬೆಳಿಗ್ಗೆ ಕದ್ದು ತೆರೆದು ನೋಡಿದರೆ, ಸಲ್ಲಿಸುವ ಗುಂಡಿ ಒತ್ತಿದರೆ ಓಟಿಪಿ ಹೋಗುವುದು ಅಣ್ಣನ ಫೋನಿಗೆ ಎಂದು ಗುಂಡಿಯ ಕೆಳಗೇ ಬರೆದಿತ್ತು! ಅರ್ಜಿ ತುಂಬಿದ ದಿನ ತನ್ನದೇ ನಂಬರು ಕೊಟ್ಟಿದ್ದ ಪುಣ್ಯಾತ್ಮ. ಹದಿನೈದು ದಿನ ನಾನು ಕಪ್ಪು ಪರದೆಯ ಹಿಂದೆ ಬಚ್ಚಿಟ್ಟುಕೊಂಡದ್ದೆಲ್ಲ ದಂಡ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಊಟವಾಯಿತು. ಕೈ ಚಾಚಿದ. ಫೋನು ಕೊಟ್ಟೆ.

"ಜೋಳದ ರೊಟ್ಟಿ ಬಡಿಯುವುದು ಹೇಗೆ," ಎಂದು ಜೋರಾಗಿ ಓದಿದ. "ರೊಟ್ಟಿ ಬಡಿಯೋದು ಫೋನಿಗಿ ಕೇಳ್ತೀಯೇನು?"

ಹಂಚು ತಿಕ್ಕುತ್ತಿದ್ದ ಅವ್ವ ಎದ್ದು ಬಂದಳು. ನಾನು ಹತ್ತು ವರ್ಷದವಳಿದ್ದಾಗಿನಿಂದ ಒಲೆಯ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಕಲಿಸಿದವಳು ಅವಳು. "ನಾ ಕಲಿಸಿದ್ದು ಸಾಲಲಿಲ್ಲೇನು ಬೇ?" ಎಂದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಮ್ಮ ಕಡೆಯ ಹೆಣ್ಣು ತನ್ನ ಗುಟ್ಟು ಮುಚ್ಚಲು ಬೇರೆ ಏನೂ ಸಿಗದೆ ರೊಟ್ಟಿಯನ್ನೇ ಹುಡುಕಬೇಕೇ?

ಅಣ್ಣ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದ. ಟೋಪಿ, ಕನ್ನಡಕದ ಸಣ್ಣದೊಂದು ಗುರುತು ಅಲ್ಲಿ ಕೂತಿತ್ತು. ಬೆಳಿಗ್ಗೆಯ ಗಾಬರಿಯಲ್ಲಿ ಪ್ರೈವೇಟ್ ವಿಂಡೋ ಮುಚ್ಚುವುದನ್ನೇ ಮರೆತಿದ್ದೆ; ಅದು ತೆರೆದಿರುವ ತನಕ ಆ ಗುರುತು ಹೋಗುವುದಿಲ್ಲ.

"ಕದ್ದು ನೋಡಾಕತ್ತೀಯಲ್ಲ! ಈ ಗುರುತು ಏನಂತ ನನಗ ಗೊತ್ತಿಲ್ಲೇನು?"

"ರಾಯಚೂರು ಹಾಕೀನಿ. ಇವತ್ತ ಕಡೀ ದಿನ," ಎಂದೆ. ಆಮೇಲೆ ಇನ್ನೊಂದು ಮಾತು ತಾನಾಗಿ ಬಂತು: "ಆ ಗುರುತು ನಿನಗ ಹೆಂಗ ಗೊತ್ತಣ್ಣಾ?"

ಅವನು ನನ್ನ ಫೋನಿನತ್ತ ತಲೆ ತಗ್ಗಿಸಿದ. ಕಿವಿ ಕೆಂಪಾದವು. ಇಷ್ಟು ವರ್ಷ ನಾನು ಹೆದರಿದ್ದು ಇವನಿಗೇ? ಹತ್ತಿ ಬಿಡಿಸಿ ನಮ್ಮಿಬ್ಬರನ್ನೂ ಓದಿಸಿದ ಅವ್ವನಿಗೆ ಅಕ್ಷರ ಬರುವುದಿಲ್ಲ, ಮಗನ ಮುಖ ಮಾತ್ರ ಚೆನ್ನಾಗಿ ಗೊತ್ತು. ಅವನನ್ನೇ ನೋಡುತ್ತ ನಿಂತಳು.

ಅವನ ಕೈಯಿಂದ ಫೋನು ತೆಗೆದುಕೊಂಡು, ಅವರಿಬ್ಬರ ಎದುರೇ ಸಾದಾ ವಿಂಡೋದಲ್ಲಿ ಪಟ್ಟಿ ತೆರೆದು ಗುಂಡಿ ಒತ್ತಿದೆ. ಅಣ್ಣನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಅದರ ಮೇಲೆ ಅಂಗೈ ಒತ್ತಿಕೊಂಡು ಕೂತ.

"ಏನು ಬಂತೋ ಅದು ಓದಿ ಹೇಳು," ಎಂದಳು ಅವ್ವ. "ಇಲ್ಲಾಂದ್ರ ನಿನ್ನ ಫೋನು ಅಕಿ ಕೈಗೆ ಕೊಡು. ವಾರದಾಗ ನೀ ಏನು ನೋಡಿದ್ದೀ, ಅಕೀನ ಓದ್ಲಿ."

ಅಣ್ಣ ಅವಸರದಿಂದ ಫೋನು ತೆಗೆದು, ಪರದೆ ನನಗೆ ಕಾಣದಂತೆ ಎದೆಗೆ ಒತ್ತಿ ಹಿಡಿದು, ಆರು ಅಂಕಿಗಳನ್ನು ಓದಿದ. ನನಗೆ ಸರಿಯಾಗಿಯೇ ಕೇಳಿಸಿತ್ತು. ಆದರೂ ಇನ್ನೊಮ್ಮೆ ಓದು ಎಂದೆ.