ಪ್ರೆಸ್ಸಿನ ಗೋಡೆಯ ಮೇಲಿನ ಗಾಜಿನೆಳೆ

ಬಾಲಾನಗರದ ಆ ಗಲ್ಲಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಧಡ್, ಧಡ್ ಎಂಬ ಸದ್ದು ಶುರುವಾಗುತ್ತದೆ. ತಗಡಿಗೆ ಅಚ್ಚು ಒತ್ತುವ ಪ್ರೆಸ್ಸಿನದು. ಗದಿಗೆಮ್ಮನ ಅಡುಗೆಮನೆಯಲ್ಲಿ ತಟ್ಟೆಗಳು ಅದಕ್ಕೆ ಸಣ್ಣಗೆ ಓಗೊಡುತ್ತವೆ. ಗಂಡ ಸೂಗಪ್ಪನ ಕೆಲಸ ಆ ಪ್ರೆಸ್ಸಿನ ಮೇಲೆಯೇ. ಇಪ್ಪತ್ತು ವರ್ಷಗಳಲ್ಲಿ ಅವಳಿಗೆ ಆ ಸದ್ದು ಕೇಳಿಸುವುದೇ ನಿಂತುಹೋಗಿತ್ತು.

ಯಾದಗಿರಿಯಿಂದ ಮದುವೆಯಾಗಿ ಬಂದವಳು ಮೊದಲು ಟೆಲಿಫೋನ್ ತಂತಿ ಎಳೆಯುವವರ ಜೊತೆ ದುಡಿದಳು. ಊರ ತುಂಬ ಐಟಿ ಕಂಪನಿಗಳು ಬಂದು ರಸ್ತೆ ರಸ್ತೆ ಅಗೆದಾಗ ಬೆಳಕು ಸಾಗಿಸುವ ಕೇಬಲ್ಲಿನ ಗಾಜಿನೆಳೆ ಜೋಡಿಸುವುದನ್ನು ಕಲಿತಳು. ಜೋಡಣೆ ಅಳೆಯುವ ಯಂತ್ರ ಸರಿ ಎಂದರೂ ತನಗೆ ಒಪ್ಪದ ಜೋಡಣೆಯನ್ನು ಕತ್ತರಿಸಿ ಮತ್ತೆ ಮಾಡುತ್ತಿದ್ದಳು.

ಗಲ್ಲಿಯ ತುದಿಯ ಕಚೇರಿಯಿಂದ ಕೂಕಟ್‌ಪಲ್ಲಿಗೆ ಅವಳು ಎಳೆದ ಹೊಸ ಕೇಬಲ್‌ನಲ್ಲಿ ಈಗ ಹಗಲು ಹೊತ್ತು, ಸಂದೇಶಗಳನ್ನು ಮರೆಮಾಡುವ ಗುಟ್ಟಿನ ಕೀಲಿ ಕಳಿಸುವ ಪರೀಕ್ಷೆ ನಡೆದಿತ್ತು. ಲೇಸರ್ ಬೆಳಕನ್ನು ಒಂದೊಂದೇ ಕಣದಷ್ಟು ಕ್ಷೀಣಗೊಳಿಸುತ್ತಾರೆ. ಕಣ ಕಂಪಿಸುವ ದಿಕ್ಕಿನಲ್ಲಿ ಕೀಲಿಯ ಒಂದು ತುಣುಕು ಇರುತ್ತದೆ. ನಡುವೆ ಯಾರಾದರೂ ಕದ್ದು ನೋಡಿದರೆ ದಿಕ್ಕು ಕೆಡುತ್ತದೆ, ತಪ್ಪುಗಳು ಏರುತ್ತವೆ. ತಪ್ಪು ಹೆಚ್ಚಾದರೆ ಆ ಕೀಲಿಯನ್ನೇ ಎಸೆಯಬೇಕು. ಮೂರು ದಿನದಿಂದ ಎಸೆಯುವುದೇ ಆಗಿತ್ತು.

"ಯಾರೂ ಕದ್ದು ನೋಡಿಲ್ಲವ್ವಾ, ತಪಾಸ ಮಾಡೇವಿ," ಎಂದರು ಧಾರವಾಡ ಕಡೆಯ ಎಂಜಿನಿಯರ್ ವಾಸುದೇವ. "ನಿನ್ನ ಜೋಡಣೀನ ಕೆಟ್ಟಾವು. ನಾಳೆ ಬ್ಯಾರೆಯವ್ರನ್ನ ಕರಸ್ತೀನಿ. ಮುಂದಿನ ಲೈನಿನ ಕೆಲಸಾನೂ ಅವ್ರಿಗೇ."

"ಕರಸ್ರಿ ಸರ. ಇವತ್ತೊಂದಿನ ನನಗ ಬಿಡ್ರಿ."

"ಏನ್ ಮಾಡ್ತಿ?"

"ಕುಂತು ನೋಡ್ತೀನಿ. ನಿಮ್ಮ ಪರದೆ ಮ್ಯಾಲಿನ ಗೆರಿ ಓದಾಕ ಡಿಗ್ರಿ ಬೇಕೇನ್ರಿ?"

ವಾಸುದೇವ ನಕ್ಕು ಕುರ್ಚಿ ತೋರಿಸಿದರು. ಪರದೆಯ ಮೇಲೆ ತಪ್ಪುಗಳ ಗೆರೆ ಎತ್ತರದಲ್ಲೇ ಹರಿಯುತ್ತಿತ್ತು. ಹನ್ನೊಂದಕ್ಕೆ ಇದ್ದಕ್ಕಿದ್ದಂತೆ ನೆಲಕ್ಕಿಳಿಯಿತು.

ಹೊರಗೆ ಏನೋ ಇಲ್ಲದಂತಾಯಿತು. ಗದಿಗೆಮ್ಮ ಕಿವಿಗೊಟ್ಟಳು. ಪ್ರೆಸ್ ನಿಂತಿತ್ತು.

"ನಿನ್ನೀದೂ ಮೊನ್ನೀದೂ ತೋರಸ್ರಿ."

ಎರಡು ದಿನವೂ ಹನ್ನೊಂದಕ್ಕೆ ಅದೇ ತಗ್ಗು, ಕಾಲು ಗಂಟೆ.

"ನಮ್ಮ ಮನಿಯವ್ರು ಚಹಾ ಕುಡಿಯೂ ಹೊತ್ತು ಇದು," ಎಂದಳು ಗದಿಗೆಮ್ಮ. "ಜೋಡಣಿ ಚಲೋ ಅದಾವ್ರಿ. ತಪ್ಪು ಮಾತ್ರ ನಂದ. ಸಡ್ಲ ಬಿಟ್ಟ ತಂತೀನ ಮಂಗ್ಯಾ ಜಗ್ಗತಾವಂತ ಟೆಲಿಫೋನ್ ಕಾಲದಾಗ ಬಿಗದು ಕಟ್ಟತಿದ್ವಿ. ಹಂಗ ಇದನ್ನೂ ಪ್ರೆಸ್ಸಿನ ಗ್ವಾಡಿಗೆ ಬಿಗದು ಕಟ್ಟೀನಿ. ಗ್ವಾಡಿ ನಡುಗಿದ್ರ ಎಳಿ ನಡುಗತೈತಿ."

"ಎಳಿ ನಡುಗಿದ್ರ ಬೆಳಕಿನ ದಿಕ್ಕೂ ತಿರುಗತದ," ಎಂದು ವಾಸುದೇವ ಮೆಲ್ಲಗೆ ಹೇಳಿದರು. "ಇದನ್ನ ನೀ ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ."

ಅವಳು ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು. ಪ್ರೆಸ್ ಮತ್ತೆ ಶುರುವಾಗಲು ಹತ್ತು ನಿಮಿಷವಿತ್ತು.

"ಕುಂದ್ರವ್ವಾ, ಮಧ್ಯಾಹ್ನ ಮಾಡೋಣಂತ. ಮುಂದಿನ ಲೈನಿಂದು ಒಂದು ಮಾತು—"

"ಆಮ್ಯಾಲೆ ಹೇಳ್ರಿ ಸರ. ಮೊದಲ ಗ್ವಾಡಿ ಮ್ಯಾಲಿನ ಬಿಗಿ ಸಡ್ಲ ಮಾಡತೀನಿ. ನೀವು ಗೆರಿ ನೋಡ್ಕೊಂತ ಇರ್ರಿ, ಪ್ರೆಸ್ ಬಡಿದ್ರೂ ಅದು ಏರಬಾರ್ದು. ಒಂದು ವ್ಯಾಳೆ ಏರಿದ್ರ ನಾನ..." ಎನ್ನುತ್ತ ಏಣಿಯನ್ನು ಹೆಗಲಿಗೇರಿಸಿ ಅವಳು ಗೇಟು ದಾಟಿ ಪ್ರೆಸ್ಸಿನ ಗೋಡೆಯತ್ತ ನಡೆದಳು.